ಅರ್ಧ ಇಂಚಿನ ಅಂಚು

ನಾನು ಇದುವರೆಗೆ ಒಂದೇ ಒಂದು ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ ಓದಿದವಳಲ್ಲ. ಹಾಗೆಂದು ಪುಸ್ತಕ ಕಂಡವಳಲ್ಲ ಎನ್ನುವಂತಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಮುಂಬಯಿಯ ಬೈಕುಲ್ಲಾದ ಒಂದು ಬೈಂಡಿಂಗ್ ಕಾರ್ಖಾನೆಯಲ್ಲಿ ಅವುಗಳ ನಡುವೆಯೇ ಕೂತಿದ್ದೇನೆ. ಹಾಳೆ ಮಡಚುವುದು, ದಾರದಲ್ಲಿ ಹೊಲಿಯುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು ನನ್ನ ಕೆಲಸ. ಮುನಿಸಿಪಾಲ್ಟಿಯ ಕನ್ನಡ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ನಾನೂ ಅದರ ಜೊತೆಗೇ ಮುಗಿಸಿದೆ. ಆದ್ದರಿಂದ ಪುಸ್ತಕದ ಒಳಗೆ ಏನಿದೆ ಎಂದು ನನ್ನನ್ನು ಕೇಳಬೇಡಿ. ಹೊಲಿಗೆ ಎಲ್ಲಿ ಸಡಿಲಾಗಿದೆ, ಯಾವ ಪುಟವನ್ನು ಮತ್ತೆ ಮತ್ತೆ ತೆರೆದಿದ್ದಾರೆ, ಯಾವುದನ್ನು ತೆರೆದೇ ಇಲ್ಲ ಎಂಬುದನ್ನು ಮಾತ್ರ ಬೆನ್ನು ಸವರಿಯೇ ಹೇಳಬಲ್ಲೆ. ವಕೀಲರು ತರುವ ದಪ್ಪ ಪುಸ್ತಕಗಳಲ್ಲಿ ಹೆಚ್ಚಿನವು ತೆರೆಯದವೇ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಹೇಳಬೇಕಾದದ್ದು ಇನ್ನೊಂದಿದೆ. ನಾನು ನನ್ನ ತಮ್ಮನ ಪುಸ್ತಕವೊಂದನ್ನು ಕೆಡಿಸಿದೆ. ಕೆಡಿಸಿದ್ದು ತಪ್ಪಲ್ಲ, ಅದು ಕೈತಪ್ಪು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಅದರ ಮೇಲೆ ಹೇಳಿದ ಸುಳ್ಳು ಕೈಯಿಂದ ಆದದ್ದಲ್ಲವಲ್ಲ.

ತಮ್ಮ ಈರಣ್ಣ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಬಂದರಿನ ಸರಕು ಬಿಡಿಸಿಕೊಡುವ ಕಚೇರಿಯಲ್ಲಿ ಅವನ ಕೆಲಸ. ಚೆಂಬೂರಿನ ಮನೆಯಲ್ಲಿ ಈಗ ನಾವಿಬ್ಬರೇ. ಕಾಲೇಜಿನಲ್ಲಿದ್ದಾಗ ಅವನಿಗೆ ಒಂದು ಆಟದ ಹುಚ್ಚು ಹಿಡಿಯಿತು. ಮೈದಾನದ ಆಟವಲ್ಲ, ಮೊಬೈಲಿನದೂ ಅಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ಹೇಳುತ್ತಾರೆ: ಇಲ್ಲೊಂದು ಗುಹೆ ಇದೆ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡುತ್ತೀರಿ? ಉಳಿದವರಲ್ಲಿ ಒಬ್ಬ ಕತ್ತಿಯವನು, ಒಬ್ಬಳು ಮಾಟಗಾತಿ, ಒಬ್ಬ ಕಳ್ಳ. ತಾವು ಏನು ಮಾಡುತ್ತೇವೆ ಎಂದು ಹೇಳಿ ದಾಳ ಎಸೆಯುತ್ತಾರೆ. ದಾಳವೆಂದರೆ ನಾವು ಕಂಡ ಆರು ಮುಖದ್ದಷ್ಟೇ ಅಲ್ಲ. ಎಂಟು, ಹನ್ನೆರಡು, ಇಪ್ಪತ್ತು ಮುಖದವೂ ಇವೆ, ಕೈಯಲ್ಲಿ ಹಿಡಿದರೆ ಕಲ್ಲುಸಕ್ಕರೆಯ ಹಾಗೆ. ಬಿದ್ದ ಅಂಕೆಯನ್ನು ನಿಯಮದ ಪುಸ್ತಕದಲ್ಲಿ ನೋಡಿ ಏಟು ಬಿತ್ತೋ ತಪ್ಪಿತೋ ತೀರ್ಮಾನಿಸುತ್ತಾರೆ. ಭಾನುವಾರ ಊಟವಾದ ಮೇಲೆ ಶುರುವಾದರೆ ದೀಪ ಹಚ್ಚುವ ಹೊತ್ತಿನವರೆಗೆ.

"ಗೆದ್ದವ್ರು ಯಾರೋ?" ಎಂದು ಅವನು ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದೆ.

"ಇದರಾಗ ಗೆಲ್ಲೂದು ಇಲ್ಲ ಅಕ್ಕಾ. ಸಿರ್ಫ್ ಕಂಟಿನ್ಯೂ ಮಾಡೂದು."

ಇಡೀ ಮಧ್ಯಾಹ್ನ ಕೂತು ಗೆಲ್ಲದೆ, ಸೋಲದೆ, ನಗುತ್ತ ಬರುವವರನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಯೋಚಿಸಿದರೆ, ನಮ್ಮ ಮನೆಯೂ ಇಷ್ಟು ವರ್ಷ ನಡೆದದ್ದು ಅದೇ ನಿಯಮದ ಮೇಲೆಯೇ.

ಆ ನಿಯಮದ ಪುಸ್ತಕ ಅವನಿಗೆ ಸಿಕ್ಕಿದ್ದು ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ. ಅವನಿಗಿಂತ ವಯಸ್ಸಾದ ಆವೃತ್ತಿ. ಆ ಆಟಕ್ಕೆ ಹೊಸ ಹೊಸ ಆವೃತ್ತಿಗಳು ಬಂದಿದ್ದರೂ ಇವನೂ ಇವನ ಮೂವರು ಗೆಳೆಯರೂ ಎಂಟು ವರ್ಷ ಅದರಲ್ಲೇ ಆಡಿದರು. ಆಡಿ ಆಡಿ ಹೊಲಿಗೆ ಬಿಟ್ಟು, ಹಾಳೆಗಳು ಒಂದೊಂದಾಗಿ ಹೊರಗೆ ಇಣುಕತೊಡಗಿದವು. ಒಂದು ದಿನ ಅದನ್ನು ನನ್ನ ಊಟದ ಡಬ್ಬಿಯ ಚೀಲದಲ್ಲಿಟ್ಟು, "ಅಕ್ಕಾ, ಜರಾ ಸಂಭಾಳಿಸಿ ಹೊಲಿ. ಬಸ್, ಬೈಂಡಿಂಗ್ ಅಷ್ಟೇ" ಎಂದ. ಇಷ್ಟು ವರ್ಷಗಳಲ್ಲಿ ಅವನು ನನ್ನನ್ನು ಏನಾದರೂ ಕೇಳಿದ್ದು ಕಡಿಮೆ. ನಾನು ಕೊಟ್ಟಿದ್ದನ್ನು ತೆಗೆದುಕೊಂಡು ಬೆಳೆದವನು. ಕೇಳಿದ್ದನ್ನು ಚೆನ್ನಾಗಿ ಮಾಡಿಕೊಡಬೇಕು ಎಂಬ ಹುರುಪು ನನಗೆ ಹತ್ತಿತು. ಅನಾಹುತಕ್ಕೆ ಕಾರಣ ಆ ಹುರುಪೇ.

ಅವತ್ತು ಅದನ್ನು ಬಿಚ್ಚಿ, ಬ್ರಷ್ಷಿನಿಂದ ಧೂಳು ತೆಗೆದು, ಹರಿದ ಮಡಿಕೆಗಳಿಗೆ ತೆಳ್ಳನೆಯ ಕಾಗದ ಅಂಟಿಸಿ, ಮೇಣ ಸವರಿದ ದಾರದಲ್ಲಿ ಹೊಲಿದೆ. ಹೊಸ ರಟ್ಟು, ಕಡುಗೆಂಪು ಬಟ್ಟೆ. ಉಳಿದದ್ದು ಕಟಿಂಗ್. ಬೈಂಡಿಂಗಿನಲ್ಲಿ ಕೊನೆಗೆ ಪುಸ್ತಕದ ಮೂರು ಬದಿಯನ್ನೂ ಮಶೀನಿನಡಿ ಇಟ್ಟು ಒಂದೇ ಸಮ ಕತ್ತರಿಸುತ್ತೇವೆ. ಆಗ ಹಾಳೆಗಳ ಅಂಚು ಗಾಜಿನ ಹಾಗೆ ನುಣ್ಣಗಾಗುತ್ತದೆ. ಮಶೀನಿನ ಮೇಲಿರುವವರು ಮೆಹಬೂಬ್ ಚಾಚಾ. ಕಲಬುರಗಿ ಕಡೆಯವರು, ದಖ್ಖನಿಯಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾರೆ. ಅಂಚು ಕತ್ತರಿಸದ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ದಾಡಿ ಮಾಡದ ಮದುಮಗ'. ಅಂಥ ಚಾಚಾ ಅವತ್ತು ಬ್ಲೇಡು ಇಳಿಸದೆ ನಿಂತರು.

"ಅಗೆ ಶಾಂತಾ, ಬಾಜೂಕು ಪೆನ್ಸಿಲ್ ಸೆ ಲಿಖೇಸೋ ಹೈ ನೋಡ. ತಮ್ಮಗ ಒಂದು ಮಾತು ಕೇಳು, ಆಮ್ಯಾಲ ಕಾಟೂಂಗಾ."

ನೋಡಿದೆ. ಪುಟಗಳ ಅಂಚಿನಲ್ಲೆಲ್ಲ ಇರುವೆ ಸಾಲಿನ ಹಾಗೆ ಪೆನ್ಸಿಲ್ಲು, ಪೆನ್ನು, ಬಾಣದ ಗುರುತು. ಇಂಗ್ಲಿಷ್ ಅಕ್ಷರದಲ್ಲಿ ಹಿಂದಿಯೋ ಏನೋ. ಪುಸ್ತಕದ ಮೇಲೆ ಗೀಚಿದರೆ ಗುರುಗಳು ಕೈಗೆ ಬಾರಿಸುತ್ತಿದ್ದ ಶಾಲೆಯಲ್ಲಿ ಕಲಿತವಳು ನಾನು. ಅಚ್ಚಾದದ್ದು ಪುಸ್ತಕ, ಗೀಚಿದ್ದು ಕೊಳೆ ಎಂಬುದು ನನ್ನ ವಿದ್ಯೆ.

"ಹುಡುಗೂರು ಗೀಚಿದ್ದು ಚಾಚಾ. ಸಾಫ್ ಮಾಡಿಬಿಡ್ರಿ" ಎಂದೆ.

ಮೂರು ಬದಿ, ಅರ್ಧ ಅರ್ಧ ಇಂಚು. ಕತ್ತರಿಸಿದ ಚೂರುಗಳು ಗೋಣಿಗೆ ಬಿದ್ದವು, ಗೋಣಿ ಅವತ್ತೇ ಗಾಡಿ ಹತ್ತಿತು. ಪುಸ್ತಕ ಎಷ್ಟು ಚೆಂದವಾಗಿತ್ತೆಂದರೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಬಾಗಿಲು ತೆಗೆದಾಗ ಈರಣ್ಣ ಫೋನಿನಲ್ಲಿದ್ದ. ಆ ಕಡೆ ಯಾರೋ ಹೊಸ ಆವೃತ್ತಿ ಕೊಳ್ಳೋಣ ಎನ್ನುತ್ತಿದ್ದರೆಂದು ಕಾಣುತ್ತದೆ. ಇವನು ನಗುತ್ತ ಹೇಳುತ್ತಿದ್ದ: "ಅರೆ ಯಾರ್, ಛಪಾ ಹುವಾ ತೋ ಕಹೀಂ ಭೀ ಮಿಲೇಗಾ. ಅಪನಾ ಅಸಲೀ ಬುಕ್ ತೋ ಮಾರ್ಜಿನ್ ಮೇ ಹೈ."

ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೆ ಆ ಮಾತು ಪೂರ್ತಿ ತಿಳಿಯಿತು. ಅಚ್ಚಾದದ್ದು ಎಲ್ಲಿ ಬೇಕಾದರೂ ಸಿಗುತ್ತದೆ, ನಮ್ಮ ನಿಜವಾದ ಪುಸ್ತಕ ಇರುವುದು ಅಂಚಿನಲ್ಲಿ. ಎಂಟು ವರ್ಷ ಆಡುತ್ತ ಆಡುತ್ತ ತಾವೇ ಮಾಡಿಕೊಂಡ ನಿಯಮಗಳನ್ನು ನಾಲ್ವರೂ ಅಲ್ಲಿ ಬರೆದಿಟ್ಟಿದ್ದರು. ನಾನು ಸೆರಗನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಹೋಗಿ, ಪುಸ್ತಕವನ್ನು ಟ್ರಂಕಿನಲ್ಲಿ ಅವ್ವನ ಇಳಕಲ್ ಸೀರೆಯ ಕೆಳಗಿಟ್ಟೆ.

ಮರುದಿನ ಅವನು ಕೇಳಿದ. ನಾನು ಅವಲಕ್ಕಿ ಕಲಸುತ್ತ, ತಲೆ ಎತ್ತದೆ ಹೇಳಿದೆ: "ಕಳದೈತೋ. ಚಾಚಾ ಎಲ್ಲೋ ಇಟ್ಟು ಮರತಾರ. ರದ್ದಿ ಗೋಣ್ಯಾಗ ಹೋಗಿರಬೇಕು."

ಎಷ್ಟು ಸಲೀಸಾಗಿ ಬಂತು ನೋಡಿ. ನನ್ನನ್ನು ತಡೆದ ಒಬ್ಬನೇ ಮನುಷ್ಯನ ತಲೆಗೇ ಕಟ್ಟಿದೆ. ಏಳನೆಯ ಇಯತ್ತೆ ಸಾಕು ಇಂಥದಕ್ಕೆ.

ಈರಣ್ಣ, "ಜಾನೇ ದೋ, ಹೋಗ್ಲಿ ಬಿಡು" ಎಂದ. ಬೈದಿದ್ದರೆ ಚೆನ್ನಾಗಿತ್ತು. ಮುಂದೆ ಬಂದ ಹಬ್ಬಕ್ಕೆ ನಾನು ಅವನಿಗೆ ಹೊಸ ಆವೃತ್ತಿ ತಂದುಕೊಟ್ಟೆ. ಮಿರಿ ಮಿರಿ ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರ, ತೂಕಕ್ಕೆ ಹಿಟ್ಟಿನ ಡಬ್ಬಿ. ತೆರೆದು ನೋಡಿದೆ: ಹೊಲಿಗೆಯೇ ಇಲ್ಲ, ಬರೀ ಅಂಟು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಪುಸ್ತಕದ ಬಗ್ಗೆ ಮಾತಾಡುವ ಬಾಯಿ ಆಗ ನನಗಿರಲಿಲ್ಲ.

ಅವರು ಸಾಮಾನ್ಯವಾಗಿ ಆಡುವುದು ವಡಾಲದಲ್ಲಿ, ನೇಹಾ ಎಂಬ ಹುಡುಗಿಯ ಮನೆಯಲ್ಲಿ. ಅವಳ ಮನೆಗೆ ಬಣ್ಣ ಹೊಡೆಸುತ್ತಿದ್ದರೆಂದು ಕೆಲವು ಭಾನುವಾರ ನಮ್ಮಲ್ಲಿ ಸೇರಿದರು. ನಾನು ಶೇಂಗಾ ಹುರಿಯುತ್ತ, ಅಡುಗೆಮನೆಯಿಂದಲೇ ಎರಡು ಆವೃತ್ತಿಗಳ ಜಗಳ ಕೇಳಿದೆ. ಕೇಳಿ ಕೇಳಿ, ಆಡದೆಯೇ ಅರ್ಧ ಪಂಡಿತೆಯಾದೆ.

ಹಳೆಯದರಲ್ಲಿ ಕವಚದ ಅಂಕೆ ಇಳಿದಷ್ಟೂ ಗಟ್ಟಿಯಂತೆ. ಹೊಸದರಲ್ಲಿ ಏರಿದಷ್ಟೂ ಗಟ್ಟಿ. ಇದರಲ್ಲಿ ಜಗಳವಾಡುವುದೇನಿದೆ ಎನಿಸಿತು. ಶಾಲೆಯಲ್ಲಿ ನಂಬರು ಒಂದಾದರೆ ಒಳ್ಳೆಯದು, ಅಂಕ ನೂರಾದರೆ ಒಳ್ಳೆಯದು. ಎರಡೂ ಒಂದೇ ಮಗುವಿನದು. ಇನ್ನೊಂದು ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಹಳೆಯ ನಿಯಮದಲ್ಲಿ ನಿನ್ನ ಪಾತ್ರ ಹೇಗಿರಬೇಕು ಎಂದು ನೀನು ಆರಿಸುವಂತಿಲ್ಲ. ಮೊದಲು ಬಲಕ್ಕೆ ದಾಳ, ಆಮೇಲೆ ಬುದ್ಧಿಗೆ, ಹೀಗೆ ಸಾಲಾಗಿ ಎಸೆಯಬೇಕು. ಬಿದ್ದದ್ದು ಬಿದ್ದ ಹಾಗೆ ತೆಗೆದುಕೊಂಡು ಆಡಬೇಕು. ಹೊಸದರಲ್ಲಿ ಕೈಗೆ ಇಷ್ಟು ಅಂಕ ಕೊಟ್ಟು, ನಿನಗೆ ಬೇಕಾದ ಕಡೆ ಹಾಕಿಕೋ ಎನ್ನುತ್ತಾರೆ. ನಾನು ಒಲೆ ಸಣ್ಣ ಮಾಡಿ ಯೋಚಿಸಿದೆ. ನಾನು ಹಳೆಯ ಆವೃತ್ತಿಯಲ್ಲಿ ಹುಟ್ಟಿದವಳು: ಹಿರಿಮಗಳು, ಅಪ್ಪ ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದು ಮಲಗಿದ ವರ್ಷ, ಏಳನೆಯ ಇಯತ್ತೆ, ಬೈಂಡಿಂಗ್. ದಾಳ ಸಾಲಾಗಿ ಬಿತ್ತು. ಈರಣ್ಣನ ಹೊತ್ತಿಗೆ ಹೊಸ ಆವೃತ್ತಿ ಬಂದಿತ್ತು. ಅದನ್ನು ಅಚ್ಚು ಹಾಕಿಸಿದವರಲ್ಲಿ ನಾನೂ ಒಬ್ಬಳೆಂದು ನನಗೆ ಸ್ವಲ್ಪ ಜಂಬವೂ ಇದೆ. ಆದರೆ ವಿಚಿತ್ರ ನೋಡಿ, ಅವನಿಗೆ ಇಷ್ಟವಾದದ್ದು ಹಳೆಯದೇ.

"ಹೊಸದರಾಗ ಎಲ್ಲಾ ಈಜಿ ಐತಿ" ಎನ್ನುತ್ತಿದ್ದ. "ಎಷ್ಟರೆ ಏಟು ತಿನ್ನು, ಒಂದು ನೀಂದ್ ತಗದರ ಫುಲ್ ಠೀಕ್. ಹಳೇದರಾಗ ಒಂದು ದಿನಾ ರೆಸ್ಟ್ ಮಾಡಿದ್ರ ಒಂದs ಪಾಯಿಂಟ್ ವಾಪಸ್. ಗಾಯ ಅಂದ್ರ ಗಾಯ ಇರಬೇಕು."

"ನಿನಗೆ ಆಸ್ಪತ್ರೆಯೇ ಇಷ್ಟ ಅಂತ ಕಾಣ್ತದೆ ಮಾರಾಯ" ಎಂದಳು ನೇಹಾ. ಅವರದು ಉಡುಪಿ ಕಡೆ.

ಒಂದು ನಿದ್ದೆಯಲ್ಲಿ ಎಲ್ಲ ವಾಸಿಯಾಗುವ ಆವೃತ್ತಿ ಇದೆ ಎಂದು ಕೇಳಿ ನನಗೆ ಆಸೆಯಾಯಿತು. ನಾನಂತೂ ಅಷ್ಟರಲ್ಲಿ ಎಷ್ಟೋ ನಿದ್ದೆ ತೆಗೆದಿದ್ದೆ.

ಆವೃತ್ತಿಗಳು ಪುಸ್ತಕಕ್ಕೆ ಮಾತ್ರ ಇರುತ್ತವೆ ಎಂದು ತಿಳಿಯಬೇಡಿ. ಇಂಡಿ ತಾಲೂಕಿನ ನಮ್ಮ ಊರಲ್ಲಿ ಅವ್ವ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಚೌಕಾಬಾರ ಆಡಿಸುತ್ತಿದ್ದಳು. ಅವಳ ತವರಲ್ಲಿ ಎದುರಾಳಿಯ ಕಾಯಿ ಕಡಿದರೆ ಇನ್ನೊಂದು ಸಲ ಕವಡೆ ಎಸೆಯಬಹುದು. ಅಪ್ಪನ ಮನೆಯಲ್ಲಿ ಎಸೆಯುವಂತಿಲ್ಲ. ಎರಡು ಮನೆಗಳ ನಡುವೆ ಎಂಟು ಮೈಲಿ. ಈ ನಿಯಮದ ಮೇಲೆ ಅವ್ವ ಮತ್ತು ಅತ್ತೆ ಒಂದು ಶ್ರಾವಣವಿಡೀ ಮಾತು ಬಿಟ್ಟಿದ್ದರಂತೆ. ಲೋಕಲ್ ಟ್ರೇನಿನಲ್ಲೂ ಹಾಗೆ. ಕುರ್ಲಾದಲ್ಲಿ ಗಾಡಿ ಬದಲಿಸಿ ಹತ್ತಿದ ಕೂಡಲೇ ಕೂತವಳನ್ನು ಎಲ್ಲಿ ಇಳಿಯುತ್ತೀ ಎಂದು ಕೇಳಬೇಕು; ಕೇಳಿದವಳಿಗೇ ಆ ಸೀಟು. ಮೂವರ ಬೆಂಚಿನಲ್ಲಿ ನಾಲ್ಕನೆಯವಳು ತುದಿಗೆ ಅರ್ಧ ಕೂರಬಹುದು. ಇದನ್ನು ರೈಲ್ವೆಯವರು ಎಲ್ಲೂ ಅಚ್ಚು ಹಾಕಿಸಿಲ್ಲ. ಎಲ್ಲ ಅಂಚಿನಲ್ಲಿ ಬರೆದದ್ದೇ. ಇಷ್ಟು ವರ್ಷ ಅಂಥ ನಿಯಮಗಳಲ್ಲೇ ಬದುಕಿದವಳಿಗೆ ಅಂಚನ್ನು ಕೊಳೆ ಎನ್ನಲು ಬಾಯಿ ಹೇಗೆ ಬಂತೋ.

ಶನಿವಾರ ಈರಣ್ಣನ ಕಚೇರಿ ಬೇಗ ಬಿಡುತ್ತದೆ. ಅವತ್ತು ಕಾರ್ಖಾನೆಗೆ ಬಂದು ನನ್ನನ್ನು ಕರೆದುಕೊಂಡು ಹೋಗುವುದು ಅವನ ರೂಢಿ. ಬಂದವನು ಮೊದಲು ಚಾಚಾ ಹತ್ತಿರ ನಿಂತು ಎರಡು ಮಾತಾಡುತ್ತಿದ್ದ. ಅವರು ಅವನ ಜೇಬಿಗೆ ಒಂದು ಹಿಡಿ ಖಾರ ಶೇಂಗಾ ಹಾಕುತ್ತಿದ್ದರು. ಪುಸ್ತಕ 'ಕಳೆದ' ಮೇಲೆ ಅವನು ಗೇಟಿನ ಹೊರಗೇ ನಿಲ್ಲತೊಡಗಿದ. ನಾನು ಕಂಡೂ ಕಾಣದವಳ ಹಾಗೆ ಚೀಲ ತೆಗೆದುಕೊಂಡು ಹೊರಡುತ್ತಿದ್ದೆ. ನಾಲ್ಕು ತಿಂಗಳು ಹೀಗೆ ಹೋಯಿತು.

ಕೊನೆಗೆ ಒಂದು ಶನಿವಾರ ಚಾಚಾ ಮಶೀನು ಒರೆಸುತ್ತ ಕೇಳಿದರು. "ಶಾಂತಾ, ತೇರಾ ಭಾಯಿ ಸಲಾಮ್ ಹೇಳೂದು ಬಿಟ್ಟಾನಲ್ಲ. ಹಮ್ಸೆ ಕುಛ್ ಗಲತೀ ಹುಯೀ ಕ್ಯಾ? ಏನರೆ ಅಂದಿದ್ರ ಹೇಳವಾ, ನಾನs ಮಾಫಿ ಕೇಳ್ತೀನಿ."

ನನ್ನ ಬಾಯಿಂದ "ಏನಿಲ್ಲ ಚಾಚಾ, ಅವಂಗ ಕೆಲಸದ ಟೆನ್ಶನ್" ಎಂಬ ಮಾತು ಬಂತು. ಅದು ಎರಡನೆಯ ಸುಳ್ಳು. ಅವರ ಮೇಜಿನ ತುದಿಯಲ್ಲಿ ಕಾಗದದ ಸುರುಳಿಯಲ್ಲಿ ಒಂದು ಹಿಡಿ ಶೇಂಗಾ ಕಟ್ಟಿಟ್ಟಿತ್ತು, ಪಕ್ಕದಲ್ಲೇ ಹಿಂದಿನ ವಾರಗಳ ಖಾಲಿ ಸುರುಳಿಗಳು. ಅವತ್ತಿನದಷ್ಟೇ ಅಲ್ಲ, ಪ್ರತಿ ಶನಿವಾರವೂ ಕಟ್ಟಿಡುತ್ತಿದ್ದರೆಂದು, ಸಂಜೆ ತಾವೇ ತಿನ್ನುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು.

ಮರುದಿನ ಭಾನುವಾರ. ಈರಣ್ಣ ವಡಾಲಕ್ಕೆ ಹೋದ ಮೇಲೆ ನಾನು ಟ್ರಂಕು ತೆಗೆದೆ, ಪುಸ್ತಕವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡೆ, ಹಾರ್ಬರ್ ಲೈನಿನ ಗಾಡಿ ಹಿಡಿದೆ. ಒಬ್ಬನೆದುರು ಹೇಳುವುದಕ್ಕಿಂತ ನಾಲ್ವರೆದುರು ಹೇಳುವುದು ಸುಲಭ ಎಂದುಕೊಂಡಿದ್ದೆ. ಅವನು ಎಲ್ಲರೆದುರು ಕೂಗಾಡಲಾರ ಎಂಬ ಲೆಕ್ಕವೂ ಇತ್ತು. ತಪ್ಪೊಪ್ಪಿಕೊಳ್ಳಲು ಹೊರಟವಳ ಜಾಣತನ ಇದು.

ನೇಹಾ ಬಾಗಿಲು ತೆಗೆದು, "ಅರೆ ಅಕ್ಕ! ಬನ್ನಿ ಬನ್ನಿ, ನೀವೂ ಆಡ್ತೀರಾ?" ಎಂದಳು. ನಾನು ನೇರ ಹೋಗಿ ದಾಳಗಳ ನಡುವೆ ಪುಸ್ತಕ ಇಟ್ಟೆ.

"ಕಳದಿಲ್ಲ" ಎಂದೆ. "ಅಂಚು ನಾನs ಕತ್ತರಿಸಿದೆ. ಚಾಚಾ ತಮ್ಮಗ ಕೇಳು ಅಂದ್ರು. ನಾನs ಸಾಫ್ ಮಾಡ್ರಿ ಅಂದೆ. ಆಮ್ಯಾಲ ಸುಳ್ಳ ಹೇಳಿ ಅವರ ಮ್ಯಾಲ ಹಾಕಿದೆ."

ಈರಣ್ಣ ಪುಸ್ತಕವನ್ನು ಎತ್ತಿಕೊಂಡ. ನುಣ್ಣನೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಒಳಗೆ ಅಲ್ಲಲ್ಲಿ ಅರ್ಧ ಕಡಿದ ಅಕ್ಷರಗಳು, ಬಾಲವಿಲ್ಲದ ಬಾಣಗಳು ಉಳಿದಿದ್ದವು.

"ಅಯ್ಯೋ, ಮೆಗಾಬ್ಲಾಕ್ ರೂಲೂ ಹೋಯ್ತಾ?" ಎಂದಳು ನೇಹಾ.

"ಫೋಟೋ ನಿಕಾಲಾ ಥಾ ಕ್ಯಾ ಕಿಸೀನೆ?" ಎಂದ ಪರಾಗ್ ಎಂಬ ಹುಡುಗ.

"ಎಂಟು ವರ್ಷದಿಂದ ತೆಗಿಯುವ ತೆಗಿಯುವ ಅಂತಲೇ ಇದ್ದೇವಲ್ಲ!" ಎಂದಳು ನೇಹಾ.

ಎಲ್ಲರೂ ನಕ್ಕರು, ಈರಣ್ಣನೊಬ್ಬನನ್ನು ಬಿಟ್ಟು. ನೇಹಾ ಒಂದು ನೋಟುಬುಕ್ಕು ತಂದಳು. ನೆನಪಿದ್ದದ್ದನ್ನೆಲ್ಲ ಬರೆಯೋಣ ಎಂದು ಕೂತರು. ಭಾನುವಾರದ ಮೆಗಾಬ್ಲಾಕ್, ಅಂದರೆ ರೈಲ್ವೆಯ ರಿಪೇರಿಯಿಂದ, ಗಾಡಿ ನಿಂತು ಬರಲಾಗದವನ ಪಾತ್ರ ಗುಹೆಯಲ್ಲಿ ಮಲಗಿರುತ್ತದೆ, ರಾಕ್ಷಸ ಅದನ್ನು ಮುಟ್ಟುವಂತಿಲ್ಲ. ಮನೆಯಿಂದ ಅಮ್ಮನ ಫೋನ್ ಬಂದರೆ ಯುದ್ಧ ನಿಲ್ಲಬೇಕು. ಮೇಜಿನ ಕೆಳಗೆ ಬಿದ್ದ ದಾಳ ಲೆಕ್ಕಕ್ಕಿಲ್ಲ. ಇಲ್ಲ, ಲೆಕ್ಕಕ್ಕಿದೆ, ಆದರೆ ಅರ್ಧ. ಇದರ ಮೇಲೆ ಹತ್ತು ನಿಮಿಷ ವಾದ ನಡೆಯಿತು. ಒಂದೇ ನಿಯಮವನ್ನು ಒಬ್ಬೊಬ್ಬರು ಒಂದೊಂದು ಥರ ನೆನಪಿಟ್ಟುಕೊಂಡಿದ್ದರು. ಆವೃತ್ತಿಗಳು ಹುಟ್ಟುವುದು ಹೀಗೆಯೇ ಇರಬೇಕು.

"ಔರ್ ವೋ ಅಕ್ಕಾವಾಲಾ ರೂಲ್" ಎಂದ ಪರಾಗ್. ನಾನು ಬೆಚ್ಚಿದೆ.

ನೇಹಾ ನನ್ನ ಕಡೆ ತಿರುಗಿದಳು. "ನೀವು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸ್ತಿದ್ರಲ್ಲ ಅಕ್ಕ. ಔಷಧಿ ಮುಗಿದು ಯಾರಾದ್ರೂ ಸಾಯುವ ಹಾಗಾದ್ರೆ, ಅಕ್ಕನ ಒಂದು ಹೋಳಿಗೆ ತಿಂದ್ರೆ ಐದು ಪಾಯಿಂಟ್ ವಾಪಸ್. ಈರಣ್ಣನೇ ಬರ್ದದ್ದು, ಮೊದಲನೇ ವರ್ಷ."

ನನ್ನನ್ನೇ ನಾನು ಕತ್ತರಿಸಿ ಗೋಣಿಗೆ ತುಂಬಿದ್ದೆ ಎಂದು ತಿಳಿಯಲು ವಡಾಲದವರೆಗೆ ಬರಬೇಕಾಯಿತು.

ವಾಪಸು ಬರುವಾಗ ಅಕ್ಕತಮ್ಮ ಗಾಡಿಯ ಒಂದೇ ಡಬ್ಬಿಯಲ್ಲಿ ಕೂತಿದ್ದೆವು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಚುನಾಭಟ್ಟಿ ದಾಟಿದ ಮೇಲೆ ನಾನೇ ಕೇಳಿದೆ.

"ಹಳೇ ರೂಲೋ, ಹೊಸಾ ರೂಲೋ?"

"ಹಳೇದು" ಎಂದ.

"ಎಷ್ಟು ಪಾಯಿಂಟ್ ಹೋಗ್ಯಾವ?"

"ಬೀಸ್."

ದಿನಕ್ಕೊಂದು. ಇಪ್ಪತ್ತು ದಿನ. ನಾನು ಮನಸ್ಸಿನಲ್ಲೇ ಕ್ಯಾಲೆಂಡರು ನೋಡಿ, ಧೈರ್ಯ ಮಾಡಿ ಇನ್ನೊಂದು ಕೇಳಿದೆ. "ನಾಳೆ ಹೋಳಿಗಿ ಮಾಡ್ಲ್ಯಾ?"

"ಆ ರೂಲ್ ನೀನs ಕತ್ತರಿಸೀಯಲ್ಲ" ಎಂದ. ಮುಖ ಕಿಟಕಿಯ ಕಡೆಯೇ ಇತ್ತು. ಚೆಂಬೂರು ಬಂದಾಗ, ಎದ್ದು ನಿಂತು, "ಚಾಚಾ ಕಡೆ ನಾಳೆ ನಾನs ಹೋಗ್ತೀನಿ. ನೀನೂ ಹೇಳು" ಎಂದ.

ಹೇಳಿದೆ. ಚಾಚಾ ಪೂರ್ತಿ ಕೇಳಿಸಿಕೊಂಡು, "ಇತ್ತೇಸೀ ಬಾತ್?" ಎಂದರು. ಇಷ್ಟೇನಾ ಎಂದು. ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವರ ಪಾಲಿಗೆ ಅದು ಮುಗಿದಿತ್ತು. ಒಬ್ಬೊಬ್ಬರದು ಒಂದೊಂದು ಆವೃತ್ತಿ.

ಈರಣ್ಣನದು ನಿಧಾನ. ನಾಲ್ಕನೆಯ ದಿನ ಚಹಾ ಕುಡಿದು, ಆ ಭಾನುವಾರದಿಂದ ತಾನೇ ತೊಳೆಯುತ್ತಿದ್ದ ಲೋಟವನ್ನು ಮೊದಲಿನಂತೆ ಪಾತ್ರೆ ತೊಳೆಯುವ ಮೋರಿಯಲ್ಲಿಟ್ಟು ಹೋದ. ಅದನ್ನು ನಾನು ಒಂದು ಪಾಯಿಂಟಿಗೆ ಹಾಕಿಕೊಂಡೆ. ಒಂಬತ್ತನೆಯ ದಿನ ಚಟ್ನಿಯಲ್ಲಿ ಉಪ್ಪು ಹೆಚ್ಚು ಎಂದ. ಹದಿಮೂರನೆಯ ದಿನ ಬೆಳಿಗ್ಗೆ ನನ್ನ ಡಬ್ಬಿಯ ಚೀಲ ಭಾರವಾಗಿತ್ತು. ತೆರೆದರೆ ಹೊಸ ಆವೃತ್ತಿ. ಅಂಟು ಬಿಟ್ಟು ಹಾಳೆಗಳು ಆಗಲೇ ಹೊರಗೆ ಇಣುಕುತ್ತಿದ್ದವು. ಚೀಟಿಯಿಲ್ಲ, ಮಾತಿಲ್ಲ. ಪುಟ ತಿರುವಿದೆ. ಅಂಚಿನಲ್ಲಿ ಪೆನ್ಸಿಲ್ಲು ಶುರುವಾಗಿತ್ತು.

ಕಾರ್ಖಾನೆಯಲ್ಲಿ ಅದನ್ನು ಬಿಡಿಸಿ, ಹಾಳೆಗಳನ್ನು ಕಟ್ಟು ಕಟ್ಟು ಮಾಡಿ ದಾರದಲ್ಲಿ ಹೊಲಿದೆ. ರಟ್ಟು ಕೂರಿಸಿದೆ. ಚಾಚಾ ಅಭ್ಯಾಸಬಲದಿಂದ ಕೈ ಚಾಚಿದರು. ನಾನು ಕೊಡಲಿಲ್ಲ. ಹಾಳೆಗಳು ಒಂದು ಮುಂದೆ ಒಂದು ಹಿಂದೆ, ಹಲ್ಲು ಮೂಡುವ ಮಗುವಿನ ಬಾಯಿಯ ಹಾಗಿದ್ದವು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಿಂದ ಅಷ್ಟು ಒರಟಾದ ಪುಸ್ತಕ ಹೊರಗೆ ಹೋಗಿರಲಿಲ್ಲ.

"ದಾಡಿ ಮಾಡದs ಮದುವಿಗಿ ಕಳಸ್ತೀಯೇನ?" ಎಂದರು ಚಾಚಾ.

"ಇರಲಿ ಚಾಚಾ" ಎಂದೆ. "ಅವಂಗ ಇನ್ನೂ ಏಳು ದಿನಾ ರೆಸ್ಟ್ ಬಾಕಿ ಐತಿ."